ತೊಳೆಯದೆ ಕಳುಹಿಸಿದ ಅತ್ತರಿನ ಶೀಷೆಗಳು

2023ರ ಚಳಿಗಾಲ. ನಾಗಪುರದ ಒಂದು ವಿಮಾ ಕಂಪನಿಯ ಶಾಖೆಯಲ್ಲಿ ನಾನು ಸಾಗಣೆ ವಿಮೆಯ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿ ಹತ್ತಿರವಾಗಿತ್ತು. ಸರಕು ಒಂದು ಊರಿನಿಂದ ಹೊರಟು ಇನ್ನೊಂದು ಊರು ಮುಟ್ಟುವಷ್ಟರಲ್ಲಿ ಕಳೆದುಹೋದರೆ, ಒಡೆದರೆ, ನೆನೆದರೆ ಆ ನಷ್ಟವನ್ನು ತುಂಬಿಕೊಡುವುದು ನಮ್ಮ ಕೆಲಸ. ಇತವಾರಿಯ ಬಟ್ಟೆ ವ್ಯಾಪಾರಿಗಳು, ಕಳಮೇಶ್ವರದ ಕಾರ್ಖಾನೆಗಳವರು, ಹತ್ತಿ ಮತ್ತು ಕಿತ್ತಳೆ ಕಳುಹಿಸುವವರು ನಮ್ಮ ಗಿರಾಕಿಗಳು. ಮನೆಯ ಕಪಾಟಿನಲ್ಲಿದ್ದ ವಸ್ತುವಿಗೆ ವಿಮೆ ಕೇಳಿಕೊಂಡು ಬರುವವರು ಅಪರೂಪ.

ವಾಮನರಾವ್ ಹಾಗೆ ಬಂದವರು. ವಾಯುಪಡೆಯಿಂದ ನಿವೃತ್ತರಾಗಿ ನಾಗಪುರದ ಪಕ್ಕದ ಕಾಮ್ಠಿಯಲ್ಲಿ ನೆಲೆಸಿದ್ದರು. ಊರು ಬೆಳಗಾವಿಯ ಕಡೆಯದು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆಗಿತ್ತು. ವಾಕರ್ ಹಿಡಿದು ಆಟೊದಿಂದ ಇಳಿದು, ನಮ್ಮ ಕಚೇರಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬಂದರು. ನನ್ನ ಮೇಜಿನ ಮೇಲಿದ್ದ ಕನ್ನಡ ಕ್ಯಾಲೆಂಡರ್ ಕಂಡೊಡನೆ ಅವರ ಹಿಂದಿ ಅರ್ಧಕ್ಕೇ ನಿಂತಿತು.

"ಕನ್ನಡದವ್ರೇನ್ರಿ? ಚಲೋ ಆತು. ನನ್ನ ಕೆಲಸ ಹಿಂದಿಯೊಳಗ ಹೇಳೂದು ಭಾಳ ಕಷ್ಟ ಐತಿ."

ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಒಂದಿಪ್ಪತ್ತೈದು ಪುಟ್ಟ ಗಾಜಿನ ಶೀಷೆಗಳು. ಕೆಲವು ಹೆಬ್ಬೆರಳಿನಷ್ಟು, ಕೆಲವು ಹುಣಸೆಬೀಜದ ಬಣ್ಣದವು, ಕೆಲವಕ್ಕೆ ಬೆಳ್ಳಿಯ ಕುಸುರಿ. ಅತ್ತರು ತುಂಬಿಡುವ ಹಳೆಯ ಶೀಷೆಗಳು. ಅವರ ಹೆಂಡತಿ ಇಂದಿರಾ ಗಂಡನಿಗೆ ವರ್ಗವಾದ ಪ್ರತಿ ಊರಿನಲ್ಲೂ ಒಂದೋ ಎರಡೋ ಹುಡುಕಿ ಕೊಂಡಿದ್ದರಂತೆ. ಕೊರೊನಾದ ಎರಡನೇ ಅಲೆಯಲ್ಲಿ ಇಂದಿರಾ ತೀರಿಕೊಂಡರು. ಆಸ್ಪತ್ರೆಗೆ ಹೊರಡುವ ಮುನ್ನ ಗಂಡನಿಗೆ ಹೇಳಿದ ಮಾತು ಒಂದೇ: ಈ ಶೀಷೆಗಳು ಬೆಳಗಾವಿಯಲ್ಲಿರುವ ಅಕ್ಕ ಕಮಲಾಗೆ ಸೇರಬೇಕು.

"ಎರಡು ವರ್ಷ ಆ ಕಪಾಟದ ಬಾಗಲಾ ತೆರೀಲಿಕ್ಕೆ ಆಗ್ಲಿಲ್ರಿ ನಂಗ. ಈಗ ಧೈರ್ಯ ಬಂತು ಅನ್ನೋದ್ರಾಗ ಸೊಂಟಾ ಮುರೀತು. ಡಾಕ್ಟರ್ ಪ್ರವಾಸ ಬ್ಯಾಡ ಅಂದಾರ. ಕೊರಿಯರ್‌ದಾಗ ಕಳಸೋಣು ಅಂದ್ರ ಗಾಜು."

ಹಳೆಯ ವಸ್ತುಗಳ ಬೆಲೆ ಕಟ್ಟುವ ಪರಿಚಿತರೊಬ್ಬರು ಅವುಗಳಲ್ಲಿ ಕೆಲವು ನೂರು ವರ್ಷಕ್ಕೂ ಹಳೆಯ ಬೆಲ್ಜಿಯಂ ಗಾಜು ಎಂದು ಹೇಳಿದ್ದರಂತೆ. ಅದನ್ನು ಕೇಳಿದ ಮೇಲೆ ವಾಮನರಾವ್ ಇನ್ನಷ್ಟು ಹೆದರಿದ್ದರು.

ಇಂಥವರಿಗೆ ನಾನು ಮೊದಲು ಹೇಳುತ್ತಿದ್ದುದು ಒಂದೇ. ಕೊರಿಯರ್‌ನವರು ರಸೀದಿಯಲ್ಲಿ ಬರೆದುಕೊಳ್ಳುವ ಬೆಲೆ ವಿಮೆಯಲ್ಲ. ಅವರ ಹೊಣೆಗೆ ಸಣ್ಣದೊಂದು ಮಿತಿ ಇರುತ್ತದೆ. ಗಾಜು, ಪ್ರಾಚೀನ ವಸ್ತು ಎಂದರೆ ಅದೂ ಇರುವುದಿಲ್ಲ. ಅದಕ್ಕಾಗಿ ಪ್ರತ್ಯೇಕ ಪಾಲಿಸಿ ಬೇಕು. ಅದರಲ್ಲಿ ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡ ಬೆಲೆ ಇರಬೇಕು, ಇಲ್ಲದಿದ್ದರೆ ಒಡೆದ ಮೇಲೆ ಚೂರುಗಳ ಮುಂದೆ ಕುಳಿತು ಬೆಲೆಯ ಜಗಳ. ಜೊತೆಗೆ 'ಬ್ರೇಕೇಜ್' ಎಂಬ ಪದ ಸ್ಪಷ್ಟವಾಗಿರಬೇಕು. ಪ್ಯಾಕಿಂಗ್ ಸರಿಯಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸಲಾಗುತ್ತದೆ, ಆದ್ದರಿಂದ ಕಟ್ಟುವಾಗ ನಮ್ಮವರೊಬ್ಬರು ಎದುರಿಗಿರುವುದು ಒಳ್ಳೆಯದು. ಸಾಗಣೆಗೆ ವಿಮಾನ ಆರಿಸಿರಿ ಎಂದೆ. ರಸ್ತೆಯ ಪಾರ್ಸೆಲ್ ಗೋದಾಮಿನಿಂದ ಗೋದಾಮಿಗೆ ಇಳಿದು ಹತ್ತುತ್ತ ಹೋಗುತ್ತದೆ. ವಿಮಾನದಲ್ಲಿ ಅಷ್ಟು ಕೈ ದಾಟುವುದಿಲ್ಲ. ವಾಮನರಾವ್ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡರು.

ಕೆಲವು ದಿನಗಳ ನಂತರ ಸರಕು ನೋಡಲು ಕಾಮ್ಠಿಗೆ ಹೋದೆ. ವಾಮನರಾವ್ ಕಪಾಟಿನ ಬಾಗಿಲು ತೆರೆದರು. ಕಣ್ಣಿಗೆ ಗಾಜು ಕಾಣಿಸುವ ಮೊದಲೇ ಪರಿಮಳ ಬಂತು. ಲಾವಂಚ, ಗುಲಾಬಿ, ಕೇದಿಗೆ, ಮೊದಲ ಮಳೆಯ ಮಣ್ಣಿನ ವಾಸನೆಯ ಅತ್ತರು. ಪ್ರತಿ ಶೀಷೆಯ ತಳದಲ್ಲೂ ಹನಿಯೋ ಎರಡು ಹನಿಯೋ ಜೇನಿನಂತೆ ಅಂಟಿಕೊಂಡಿತ್ತು.

ಚಿತ್ರದಲ್ಲಿ ಇದು ನನಗೆ ಹೊಳೆದಿರಲಿಲ್ಲ. ಸುಗಂಧದ್ರವ್ಯ ಬೆಂಕಿ ಹಿಡಿಯುವ ಪದಾರ್ಥಗಳ ಗುಂಪಿಗೆ ಸೇರುತ್ತದೆ. ಒಳಗಿರುವುದು ಏನು, ಎಷ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂಬ ಪ್ರಮಾಣಪತ್ರ ಇಲ್ಲದೆ ವಿಮಾನದವರು ಮುಟ್ಟುವುದಿಲ್ಲ. ಎಲ್ಲೆಲ್ಲೋ ಸಂತೆಯಲ್ಲಿ ಕೊಂಡ ಹಳೆಯ ಅತ್ತರಿಗೆ ಅಂಥ ಪತ್ರ ಎಲ್ಲಿಂದ ತರುವುದು? ಅಲ್ಲಿಂದಲೇ ಕಾರ್ಗೊ ಏಜೆಂಟರಿಗೆ ಫೋನ್ ಮಾಡಿದೆ. "ಖಾಲಿ ಶೀಷೆಯಾದರೆ ತಂದುಕೊಡಿ, ತೊಳೆದು ಒಣಗಿಸಿ," ಎಂದರು.

ಅದನ್ನೇ ವಾಮನರಾಯರಿಗೆ ಹೇಳಿದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಸಾಬೂನು, ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸುವುದು ಎಂದು ವಿಧಾನವನ್ನೂ ವಿವರಿಸಿದೆ. ಅವರು ಒಂದು ಶೀಷೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ಮನೆ ನೋಡುತ್ತಿದ್ದರು.

"ವಾಸನಿ ಪೂರಾ ಹೋಗತೈತೇನ್ರಿ?"

"ಚೆನ್ನಾಗಿ ತೊಳೆದರೆ ಹೋಗುತ್ತೆ."

"ಹೂಂ. ಗಾಜಾದ್ರೂ ಬರೋಬರ್ ಮುಟ್ಲಿ. ತೊಳೀತೀನಿ, ಬಿಡ್ರಿ."

ಮರುದಿನ ಬೆಳಿಗ್ಗೆ ಕಚೇರಿಯಿಂದ ಬೆಳಗಾವಿಗೆ ಫೋನ್ ಮಾಡಿದೆ. ಪೆಟ್ಟಿಗೆ ಪಡೆಯುವವರಿಗೂ ನಿಯಮಗಳಿವೆ. ತಂದವನ ಎದುರಿಗೇ ತೆರೆಯಬೇಕು, ಒಂದೊಂದನ್ನೂ ನೋಡಿ ವಿಡಿಯೊ ಮಾಡಬೇಕು, ಅನಂತರವೇ ಸಹಿ. ಕಮಲಕ್ಕ ನನ್ನ ಮಾತೆಲ್ಲ ಮುಗಿಯುವವರೆಗೆ ತಡೆದುಕೊಂಡಿದ್ದು ಮೆಲ್ಲಗೆ ಹೇಳಿದರು: "ತಂಗಿ, ನೋಡೂದು ನನ್ನಿಂದ ಆಗೂದಿಲ್ಲವಾ. ನನ್ನ ಕಣ್ಣು ಹೋಗಿ ಭಾಳ ವರ್ಷಾತು. ಬಾಜೂ ಮನಿಯಾಕಿನ್ನ ಕರದ್ರ ನಡೀತೈತೇನು?"

ನಡೆಯುತ್ತದೆ ಎಂದೆ. ಮಾತಿಗೆ ಮಾತು ಸೇರಿ, ಶೀಷೆಗಳನ್ನು ತೊಳೆದು ಕಳುಹಿಸುತ್ತಿದ್ದೇವೆ, ಹೀಗಾಗಿ ಸೋರುವ ಭಯವಿಲ್ಲ ಎಂದೂ ಸೇರಿಸಿದೆ.

"ಯಾರು ತೊಳೀರಿ ಅಂದ್ರು?" ಎಂದು ಕಮಲಕ್ಕ ತಟ್ಟನೆ ಕೇಳಿದರು.

ವಿಮಾನದ ನಿಯಮ ಹೇಳಿದೆ.

"ತಂಗಿ, ಬಾಟ್ಲಿ ಇಟಗೊಂಡು ನಾ ಏನ್ ಮಾಡ್ಲಿ? ನಮ್ಮ ಇಂದಿರಾ ಪ್ರತಿ ದೀಪಾವಳಿಗೆ ಅವನ್ನ ಎಲ್ಲಾ ಚೀಲದಾಗ ಹಾಕ್ಕೊಂಡು ಬರ್ತಿದ್ಲು. ಮಧ್ಯಾಹ್ನ ಎಲ್ಲಾರೂ ಮಲಗಿದಾಗ ಒಂದೊಂದ ಬೂಚು ತಗದು ನನ್ನ ಮೂಗಿಗೆ ಹಿಡಿಯಾಕಿ. 'ಅಕ್ಕಾ, ಇದು ಯಾವೂರು ಹೇಳು' ಅನ್ನಾಕಿ. ನಾ ಹೇಳಿದ್ರ ಆ ಊರಿನ ಕತಿ ಹೇಳ್ತಿದ್ಲು. ಬೆಳಗಾವಿ ದಾಟಿ ನಾ ಯಾವ ಊರೂ ಕಂಡಿಲ್ಲ. ಆದ್ರ ಆಕಿ ಇದ್ದ ಊರೆಲ್ಲಾ ನಂಗ ವಾಸನಿಯಿಂದ ಗೊತ್ತು." ಆಮೇಲೆ ಕೇಳಿದರು: "ಆಕಿನ್ನ ಕಡೀಕೆ ಮುಟ್ಟಲಿಕ್ಕೂ ಸಿಗಲಿಲ್ಲ ನಂಗ. ಇದನ್ನೂ ತೊಳದ ಬಿಡ್ತೀರೇನವಾ?"

ವಾಮನರಾಯರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮೇಜಿನ ಮೇಲಿದ್ದುದನ್ನು ಹಾಗೇ ಬಿಟ್ಟು ಹೊರಟೆ. ಮೆಟ್ರೊದ ಕೊನೆಯ ನಿಲ್ದಾಣದಲ್ಲಿಳಿದು ಆಟೊದವನಿಗೆ ಜಲ್ದಿ ಜಲ್ದಿ ಎನ್ನುತ್ತಲೇ ಇದ್ದೆ. ಮನೆಯ ಹಿಂದಿನ ಬಿಸಿಲಿನಲ್ಲಿ ಅವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮುಂದೆ ಬಕೆಟ್ಟು, ಸ್ಟೂಲಿನ ಮೇಲೆ ಬಿಳಿಯ ಪಂಚೆ. ಪಂಚೆಯ ಮೇಲೆ ಮೂರು ಶೀಷೆಗಳು ಬೋರಲಾಗಿ ಹೊಳೆಯುತ್ತಿದ್ದವು. ನಾಲ್ಕನೆಯದು ಅವರ ಕೈಯಲ್ಲಿತ್ತು, ಬೂಚು ಇನ್ನೂ ತೆಗೆದಿರಲಿಲ್ಲ.

"ಸಾಕು ಮಾಡಿ, ವಾಮನರಾವ್," ಎಂದೆ. ಕಮಲಕ್ಕ ಹೇಳಿದ್ದನ್ನೆಲ್ಲ ಹೇಳಿದೆ.

ವಾಮನರಾವ್ ಕೈಯಲ್ಲಿದ್ದ ಶೀಷೆಯನ್ನು ಮಡಿಲಲ್ಲಿ ಇಟ್ಟುಕೊಂಡರು. "ಇದೆಲ್ಲಾ ನಂಗ ಗೊತ್ತಿರ್ಲಿಲ್ರಿ. ಅಕ್ಕಾ ಕೈಲೆ ಸವರಿ ಗಾಜಿನ ನಕ್ಷಿ ನೋಡ್ತಾರ ಅಂದ್ಕೊಂಡಿದ್ದೆ," ಎಂದು ಆ ಮೂರು ಶೀಷೆಗಳ ಕಡೆ ನೋಡಿದರು. "ಒಂದ ತಾಸು ಮೊದಲ ಬಂದಿದ್ರ…" ಎಂದವರು ವಾಕ್ಯ ಮುಗಿಸಲಿಲ್ಲ.

ಇನ್ನು ಉಳಿದದ್ದು ರಸ್ತೆ. ಮೇಲಿನ ಕಚೇರಿಗೆ ವಿಷಯ ತಿಳಿಸಿದಾಗ ಅಲ್ಲಿನ ಅಧಿಕಾರಿ ನಕ್ಕರು. "ಮೇಡಂ, ಅಬ್ ಖುಷ್ಬೂ ಕಾ ಭೀ ಬೀಮಾ ಕರೇಂಗೆ ಕ್ಯಾ?" ಪರಿಮಳಕ್ಕೆ ವಿಮೆ ಕೇಳುತ್ತಿಲ್ಲ, ಗಾಜಿಗೆ ಮಾತ್ರ ಎಂದೆ. ಒಂದಿಷ್ಟು ವಾದವಾಗಿ ಕೊನೆಗೆ ಒಪ್ಪಿದರು: ಒಡೆದರೆ ಪರಿಹಾರ ಉಂಟು, ಒಳಗಿನ ಅತ್ತರು ಸೋರಿದರೆ, ಆರಿಹೋದರೆ ಇಲ್ಲ. ವಸ್ತುವಿನ ಸ್ವಭಾವದಿಂದಲೇ ಆಗುವ ನಷ್ಟವನ್ನು ಯಾವ ಪಾಲಿಸಿಯೂ ಹೊರುವುದಿಲ್ಲ. ಆ ಷರತ್ತನ್ನು ಓದಿ ಹೇಳಿದಾಗ ವಾಮನರಾವ್ ಕೇಳಿದರು, "ಅಂದ್ರ ವಾಸನಿಗೆ ವಿಮಾ ಇಲ್ಲ?"

"ಇಲ್ಲ."

"ಆಗ್ಲಿ," ಎಂದು ಸಹಿ ಹಾಕಿದರು.

ಹೊಣೆ ಈಗ ಪ್ಯಾಕಿಂಗ್ ಮೇಲೆ ಬಿತ್ತು. ಪ್ರತಿ ಬೂಚಿನ ಸುತ್ತ ಕರಗಿಸಿದ ಜೇನುಮೇಣ ಹಚ್ಚಿ, ಮೇಲೆ ತೆಳುವಾದ ಬಟ್ಟೆ ಕಟ್ಟಿಸಿದೆ. ಒಂದೊಂದು ಶೀಷೆಗೂ ಅದರ ಅಳತೆಗೆ ಸರಿಯಾಗಿ ದಪ್ಪ ಫೋಮಿನಲ್ಲಿ ಗೂಡು ಕೊರೆಸಿದೆ. ಗಾಜು ಗಾಜಿಗೆ ತಾಗಬಾರದು, ಮಲಗಲೂ ಬಾರದು. ಆ ಪೆಟ್ಟಿಗೆಯನ್ನು ಅದಕ್ಕಿಂತ ದೊಡ್ಡ ಮರದ ಪೆಟ್ಟಿಗೆಯೊಳಗೆ ಇಟ್ಟು ನಾಲ್ಕೂ ಕಡೆ, ಮೇಲೆ, ಕೆಳಗೆ ಮೆತ್ತೆ ತುಂಬಿಸಿದೆ. ಹೊರಗಿನದಕ್ಕೆ ಬಿದ್ದ ಪೆಟ್ಟು ಒಳಗಿನದಕ್ಕೆ ಮುಟ್ಟದಿರಲೆಂದು. ಎತ್ತಿ ಅಲ್ಲಾಡಿಸಿದಾಗ ಒಳಗಿನಿಂದ ಏನೂ ಕೇಳಿಸಬಾರದು. ಕೇಳಿಸಲಿಲ್ಲ. ಓರೆಯಾದರೆ ಬಣ್ಣ ಬದಲಾಗುವ ಚೀಟಿಯೊಂದನ್ನು ಹೊರಗೆ ಅಂಟಿಸಿದೆವು.

ಮಾಮೂಲಿ ಪಾರ್ಸೆಲ್ ಸೇವೆ ನನಗೆ ಬೇಡವಾಗಿತ್ತು. ಕಳಮೇಶ್ವರದ ಒಂದು ಕಾರ್ಖಾನೆಯವರು ಸೂಕ್ಷ್ಮ ಅಳತೆಯ ಉಪಕರಣಗಳನ್ನು ಬೆಳಗಾವಿಯ ಫೌಂಡ್ರಿಗಳಿಗೆ ಕಳುಹಿಸುತ್ತಿದ್ದರು. ಅವರ ವಾಹನ ದಾರಿಯಲ್ಲಿ ಸರಕು ಬದಲಿಸದೆ ನೇರ ಹೋಗುತ್ತಿತ್ತು. ಅದರಲ್ಲಿ ಬಾಡಿಗೆ ಕೊಟ್ಟು ಜಾಗ ಪಡೆದೆವು. ಅದು ಹೊರಡುವ ದಿನ ಬರುವವರೆಗೆ ವಾಮನರಾವ್ ಪೆಟ್ಟಿಗೆಯನ್ನು ತಮ್ಮ ಮಂಚದ ಪಕ್ಕದಲ್ಲೇ ಇರಿಸಿಕೊಂಡರು.

ಪೆಟ್ಟಿಗೆ ಬೆಳಗಾವಿ ಮುಟ್ಟಿದ ದಿನ ನಾನು ಕಾಮ್ಠಿಯಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದೆ. ಅಲ್ಲಿ ಕಮಲಕ್ಕನ ನೆರೆಯವರು ವಿಡಿಯೊ ಕರೆ ಮಾಡಿ ಫೋನ್ ಹಿಡಿದಿದ್ದರು. ಚೀಟಿಯ ಬಣ್ಣ ಬದಲಾಗಿರಲಿಲ್ಲ. ಒಂದೊಂದು ಶೀಷೆಯನ್ನೂ ಬೆಳಕಿಗೆ ಹಿಡಿಸಿ ನೋಡಿದೆ. ಒಂದೂ ಬಿರುಕು ಬಿಟ್ಟಿರಲಿಲ್ಲ. ವಾಹನದವನ ಕಾಗದಕ್ಕೆ ಸಹಿಯಾಯಿತು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ಆದರೆ ಏಳಲು ಮನಸ್ಸಾಗಲಿಲ್ಲ.

ಕಮಲಕ್ಕ ಒಂದು ಶೀಷೆಯ ಮೇಣವನ್ನು ಉಗುರಿನಿಂದ ಬಿಡಿಸಿ, ಬೂಚು ತೆಗೆದು ಮೂಗಿನ ಹತ್ತಿರ ಹಿಡಿದರು. ಅವರ ಮುಖ ನೋಡುತ್ತಿದ್ದಂತೆ ಅರಳಿತು. "ಇದು ಜೋರ್ಹಾಟ್. ವಾಮನರಾವ್, ಅಲ್ಲಿ ನಿಮ್ಮ ಕ್ವಾರ್ಟರ್ಸ್‌ದಾಗ ಮಳಿ ಸೋರಿ ನೀವಿಬ್ರೂ ಮಂಚದ ಮ್ಯಾಲೆ ಛತ್ರಿ ಹಿಡಕೊಂಡು ಊಟಾ ಮಾಡಿದ್ರಂತ."

ವಾಮನರಾಯರು ಮುಂದೆ ಬಾಗಿದರು. "ಅದನ್ನೂ ಹೇಳಿದ್ಲಾ ಆಕಿ?"

"ಎಲ್ಲಾ ಹೇಳ್ಯಾಳ. ಇದು ಅಂಬಾಲಾ. ಇಲ್ಲಿ ನೀವು ಆಕಿಗೆ ಸೈಕಲ್ ಕಲಸ್ಲಿಕ್ಕೆ ಹೋಗಿ ನೀವ ಗಟಾರದಾಗ ಬಿದ್ರಿ."

ಅವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಹಾಗೆ ಒಂದೊಂದೇ ಊರು ಬಂತು. ತಮಗೇ ಮರೆತುಹೋಗಿದ್ದ ಸಂಸಾರವನ್ನು ಅವರು ಹೆಂಡತಿಯ ಅಕ್ಕನ ಬಾಯಿಂದ ಕೇಳಿಸಿಕೊಂಡರು. ನಂತರ ಕಮಲಕ್ಕ ಒಂದು ಶೀಷೆಯನ್ನು ಮೂಸಿ, ಮತ್ತೊಮ್ಮೆ ಮೂಸಿ, ಮಡಿಲಲ್ಲಿ ಇಟ್ಟುಕೊಂಡರು. ತೊಳೆದ ಮೂರರಲ್ಲಿ ಅದೊಂದು.

"ಅದು ನಾ ತೊಳದೆ ಅಕ್ಕಾ," ಎಂದರು ವಾಮನರಾವ್. "ಇನ್ನೂ ಎರಡು ಹಂಗ ಅದಾವ."

ಕಮಲಕ್ಕ ಶೀಷೆಯ ಮೇಲಿನ ಕೆತ್ತನೆಯನ್ನು ಬೆರಳಿನಿಂದ ಸವರಿದರು. "ಇರ್ಲಿ ಬಿಡ್ರಿ. ಈ ಮೂರರ ಕತಿ ನೀವು ಹೇಳ್ರಿ. ಇಂದಿರಾ ಇದನ್ನ ಯಾವೂರಾಗ ತಗೊಂಡ್ಲು? ಅಂದು ಏನ್ ಉಟ್ಟಿದ್ಲು?"

ವಾಮನರಾವ್ ಕುರ್ಚಿಗೆ ಒರಗಿಕೊಂಡು ಶುರು ಮಾಡಿದರು. ನಾನು ನನ್ನ ಚೀಲ ತೆಗೆದುಕೊಂಡು ಸದ್ದಿಲ್ಲದೆ ಹೊರಗೆ ಬಂದೆ.

ಆವರೆಗೆ ಗಿರಾಕಿ ಎದುರಿಗೆ ಕುಳಿತೊಡನೆ ನಾನು ಕೇಳುತ್ತಿದ್ದುದು ವಸ್ತುವಿನ ಬೆಲೆ ಎಷ್ಟು ಎಂದು. ಆಮೇಲೆ ನಿವೃತ್ತಿಗೆ ಉಳಿದಿದ್ದ ಕೆಲವು ತಿಂಗಳು ಬೇರೆಯದನ್ನೇ ಕೇಳಿದೆ. ಈಗ ಯಾರಾದರೂ ಮನೆಗೆ ಬಂದು ಸಲಹೆ ಕೇಳಿದರೂ, ಪೆಟ್ಟಿಗೆಯನ್ನು ಆ ಕಡೆ ತೆರೆಯುವವರು ಯಾರು, ಅದರೊಳಗೆ ಅವರು ಮೊದಲು ಏನನ್ನು ಹುಡುಕುತ್ತಾರೆ ಎಂದು ಕೇಳುತ್ತೇನೆ. ದಾರಿ, ವಾಹನ, ಪಾಲಿಸಿ ಎಲ್ಲವನ್ನೂ ಅದಾದ ಮೇಲೆ ಆರಿಸುತ್ತೇವೆ.