ಎಪ್ಪತ್ತು ಬಂದರೂ ಅತ್ತ ಹುಡುಗಿ

ಬೀದಿಗೊಂದೇ ಟೀವಿ ಇದ್ದ ಕಾಲ. ಗಂಗಾನಗರದಲ್ಲಿ ನಾನು ಮನೆಮನೆಗೆ ಹೂವು ಕೊಡ್ತಿದ್ದೆ. ಒಂದು ಬೆಳಿಗ್ಗೆ ಕೊನೆಮನೆ ಇಂಜಿನಿಯರರ ಮಗಳು ಸುಧಾ ಮೆಟ್ಟಿಲ ಮೇಲೆ ಕೂತು ಅಳ್ತಿದ್ದಳು. ನನಗೆ ಮೊದಲು ಬಂದ ಯೋಚನೆಯೇ ಬೇರೆ, ಅದನ್ನ ಇಲ್ಲಿ ಬರೆಯಲ್ಲ ಬಿಡಿ.

"ಎಂ.ಟೆಕ್ ಸೇರೋ ಪರೀಕ್ಷೇಲಿ ಎಪ್ಪತ್ತು ಬಂತು ಹೂವಮ್ಮ. ಸೀಟು ಸಿಗಲ್ಲ. ಸಿಗದಿದ್ರೆ ಮದುವೆ ಅಂದಿದ್ದಾರೆ ಅಪ್ಪ."

ನೂರಕ್ಕೆ ಎಪ್ಪತ್ತು! ನಮ್ಮ ಬೀದಿ ಗಂಡುಮಕ್ಕಳು ಮೂವತ್ತೈದಕ್ಕೇ ಪೇಡ ಹಂಚಿದ್ರು. "ಅದಕ್ಯಾಕೆ ಅಳ್ತೀಯೆ?" ಅಂದೆ.

"ಅದು ಮಾರ್ಕ್ಸ್ ಅಲ್ಲ. ನೂರು ಜನದಲ್ಲಿ ಎಪ್ಪತ್ತು ಜನ ನನ್ನ ಹಿಂದೆ, ಉಳಿದವರೆಲ್ಲ ಮುಂದೆ ಅಂತ."

ಇವಳು ಬರೆದದ್ದಕ್ಕೆ ಊರವರನ್ನ ಯಾಕೆ ಎಣಿಸ್ತಾರೋ, ನನ್ನ ತಲೆಗೆ ಹತ್ತಲಿಲ್ಲ. ಹತ್ತದಿದ್ದರೂ ಹೂವಿನ ಜೊತೆ ಸುದ್ದೀನೂ ಬೀದಿಗೆಲ್ಲ ಕೊಟ್ಟುಬಂದೆ: ಸುಧಾಗೆ ನೂರಕ್ಕೆ ಎಪ್ಪತ್ತು!

ಸಂಜೆ ಹೆಂಗಸರೆಲ್ಲ ಪೇಡ ಕೇಳ್ಕೊಂಡು ಅವರ ಮನೆಗೆ ಬಂದ್ರು. ನಾನು ಬಿಡ್ತೀನಾ, ಹಿಂದೇನೇ ಹೋದೆ. "ಇಂಥ ಮಗಳು ನಮ್ಮನೇಲಿ ಹುಟ್ಟಬಾರ್ದಿತ್ತಾ ಸಾರ್!" ಅಂತ ಹೆಂಗಸರು ಅಂದಾಗ ಅವಳಪ್ಪನ ಮುಖ ಅರಳಿತು. "ಇದೇನ್ ಮಹಾ, ಮುಂದಿನ ವರ್ಷ ಇನ್ನೂ ಚೆನ್ನಾಗಿ ಬರೀತಾಳೆ" ಅಂತ ಎಲ್ಲರೆದುರು ಅಂದೇಬಿಟ್ರು. ಬಾಗಿಲ ಹಿಂದೆ ಸುಧಾ ನಗಬೇಕೋ ಅಳಬೇಕೋ ತಿಳಿಯದೆ ನನ್ನ ನೋಡಿದಳು.

ನನಗಂತೂ ಇನ್ನೂ ಅರ್ಥವಾಗಿಲ್ಲ. ಯಾರು ಯಾರಿಗಿಂತ ಮುಂದೆ, ಯಾರು ಹಿಂದೆ ಅಂತ ದಿನಾ ಬೀದಿಗೆಲ್ಲ ಹೇಳೋಳು ನಾನು. ಅದನ್ನೇ ಕಾಲೇಜಿನೋರು ಮಾಡಿದ್ರೆ ಪರೀಕ್ಷೆ, ನಾನು ಮಾಡಿದ್ರೆ ಚಾಡಿ.