ಜೇನಿಗೊಂದು ಗಾಡಿ ಹುಡುಕಿಕೊಟ್ಟ ಭರಮಣ್ಣ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ ಇದೆ. ಬೆಳಗಾವಿಯ ಖಾನಾಪುರ ರಸ್ತೆಗೆ ಹೊಂದಿಕೊಂಡ ಬಾಡಿಗೆ ಗಾಡಿಗಳ ಅಡ್ಡೆಯಲ್ಲಿ ಭರಮಣ್ಣ ಖಾಲಿ ಲಾರಿಯೊಂದನ್ನು ಹತ್ತಿದ್ದಾರೆ. ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಹಲಗೆಯ ಮೇಲೆ ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದಾರೆ. ಎಲ್ಲಾದರೂ ಮೊಳೆ ಎದ್ದಿದ್ದರೆ ಅಂಗಾಲಿಗೆ ತಿಳಿಯುತ್ತದೆ. ಆಮೇಲೆ ಮೊಣಕಾಲೂರಿ ಹಲಗೆಗೆ ಮೂಗು ಹಚ್ಚುತ್ತಾರೆ. ಕೆಳಗೆ ಶಹಾಪುರದ ಸೀರೆ ವ್ಯಾಪಾರಿಯೊಬ್ಬರು ಗಂಟುಗಳ ಪಕ್ಕ ನಿಂತು ಕಾಯುತ್ತಿದ್ದಾರೆ.

‘ಇದರಾಗ ಸೀರಿ ಹಾಕಬ್ಯಾಡ್ರಿ ಸಾವಕಾರ್ರ. ನಿನ್ನಿ ಗೋವಾದಿಂದ ಮೀನ ತಂದೈತಿ.’

‘ತೊಳದೇನಿ ಅಂದನಲ್ಲೋ ಡ್ರೈವರ?’

‘ಹಲಗಿ ತೊಳದಾನ್ರಿ, ಹಲಗಿ ಸಂದಿ ತೊಳದಿಲ್ಲ. ಮದಿವಿ ಸೀರಿ ಅಂತೀರಿ. ಉಟ್ಟಾಕಿ ಮೂಗ ಮುಚಗೊಂಡ ಅಕ್ಕಿಕಾಳ ಹಾಕಿಸಿಕೊಬೇಕೇನು?’

ವ್ಯಾಪಾರಿ ನಕ್ಕುಬಿಡುತ್ತಾರೆ. ಹತ್ತು ನಿಮಿಷದಲ್ಲಿ ಗಂಟುಗಳು ಬೇರೊಂದು ಟೆಂಪೋ ಏರುತ್ತವೆ. ಅದು ಹಿಂದಿನ ದಿನ ನೂಲು ಇಳಿಸಿ ಬಂದ ಗಾಡಿ ಎಂಬುದು ಭರಮಣ್ಣನಿಗೆ ಯಾರೂ ಹೇಳದೆ ಗೊತ್ತು.

ಐವತ್ತೊಂದರ ಭರಮಣ್ಣನಿಗೆ ಸ್ವಂತ ಗಾಡಿ ಇಲ್ಲ, ಅಂಗಡಿ ಇಲ್ಲ, ಬೋರ್ಡೂ ಇಲ್ಲ. ಪಂಕ್ಚರ್ ಅಂಗಡಿಯ ಮುಂದೆ ಮಲಗಿಸಿಟ್ಟ ಹಳೇ ಟೈರೇ ಅವರ ಕುರ್ಚಿ. ದಿನಕ್ಕೆ ನಲವತ್ತರಷ್ಟು ಗಾಡಿಗಳು ಇಲ್ಲಿ ಬಂದು ಹೋಗುತ್ತವೆ. ಇಪ್ಪತ್ತು ಇಪ್ಪತ್ತೈದು ಜನ ‘ಇಂಥ ಮಾಲು ಐತಿ, ಯಾವ ಗಾಡಿ ಮಾಡ್ಲಿ’ ಎಂದು ಇವರನ್ನು ಕೇಳುತ್ತಾರೆ. ಕೈಗೆ ಬಂದದ್ದನ್ನು ಕೊಡುತ್ತಾರೆ, ಕೆಲವರು ಚಹಾ ಕುಡಿಸಿ ಹೋಗುತ್ತಾರೆ. ಹೆಂಡತಿ ಮಾಯಕ್ಕ ಶಿವಬಸವ ನಗರದ ಎರಡು ಮನೆಗಳಲ್ಲಿ ರೊಟ್ಟಿ ಬಡಿಯುತ್ತಾರೆ. ಸಂಸಾರ ನಡೆಯುತ್ತದೆ.

ಕೇಳಲು ಸುಲಭವೆನಿಸುವ ಈ ಕೆಲಸದ ಒಳಗನ್ನು ಅವರೇ ಬಿಡಿಸಿ ಹೇಳಬೇಕು. ‘ಖಾನಾಪುರದ ಗಡಿಗಿ ತರೂದೈತಿ ಅಂತ ಇಟ್ಕೋರಿ. ಮಂದಿ ದೊಡ್ಡ ಲಾರಿ ಕೇಳ್ತಾರ, ಆರಾಮ ಬರ್ತಾವ ಅಂತ. ಭಾರ ಕಡಿಮಿ ಇದ್ರ ದೊಡ್ಡ ಲಾರಿ ಕುಣೀತೈತ್ರಿ. ಅದರ ಸ್ಪ್ರಿಂಗಿನ ಪಟ್ಟಾ ಬಿರಸು. ಸಣ್ಣ ಗಾಡಿ ತುಂಬ ತುಂಬಿ, ನಡುವ ಹುಲ್ಲ ತುರುಕಿದ್ರ ಒಂದ ಗಡಿಗೀನೂ ಒಡ್ಯಾಂಗಿಲ್ಲ.’ ಗಾಜು ನಿಂತು ಪ್ರಯಾಣ ಮಾಡಬೇಕು, ಮಲಗಬಾರದು. ಬೆಲ್ಲದ ಮೇಲೆ ತಾಡಪತ್ರಿ ಎರಡು ಪದರ ಇರಬೇಕು. ಮಗ್ಗ ಸಾಗಿಸುವುದಾದರೆ ಗಾಡಿಗಿಂತ ಮೊದಲು ಓಣಿಯ ಅಗಲ ನೋಡಬೇಕು. ಇಷ್ಟೆಲ್ಲ ಹೇಳುವಾಗ ಅವರ ಕೈಗಳು ಗಾಳಿಯಲ್ಲೇ ಮಾಲು ಹೇರುತ್ತಿರುತ್ತವೆ.

ಎಲ್ಲಿ ಕಲಿತಿರಿ ಎಂದರೆ ಮಾತ್ರ ಕೈ ನಿಲ್ಲುತ್ತದೆ.

ಭರಮಣ್ಣ ಖಾನಾಪುರ ತಾಲ್ಲೂಕಿನ ಬೀಡಿ ಕಡೆಯ ಕುರಿಗಾರರ ಮನೆಯವರು. ತಂದೆ ಬೇಗ ತೀರಿಕೊಂಡರು. ಬೆಳೆಸಿದವರು ಸೋದರಮಾವ ಸಿದರಾಯ. ಕುರಿ ಹಿಂದೆ ಅಲೆಯುವುದು ಬೇಡವೆಂದು ಹುಡುಗ ಲಾರಿ ಕ್ಲೀನರ್ ಆದ, ಮುಂದೆ ಡ್ರೈವರ್ ಆದ. ಹದಿಮೂರು ವರ್ಷದ ಹಿಂದೆ, ಎಂಬತ್ತೇಳರ ಮುಂಗಾರಿನಲ್ಲಿ, ಮಾವನ ಹಿಂಡು ಖಾನಾಪುರದ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಮಳೆಗೆ ಸಿಕ್ಕಿತು. ಊರಿಗೆ ಮುಟ್ಟಿಸಬೇಕಿತ್ತು. ಮಾವ ತೆರೆದ ಲಾರಿ ತಾ ಎಂದಿದ್ದರು. ಭರಮಣ್ಣ ತಂದದ್ದು ತಾನು ಓಡಿಸುತ್ತಿದ್ದ ಬಿಸ್ಕೀಟಿನ ಗಾಡಿ, ನಾಲ್ಕೂ ಕಡೆ ತಗಡು ಹೊದಿಸಿದ ಡಬ್ಬಾ. ‘ಮರಿ ತೊಯ್ಯಬಾರದು ಅಂತರಿ. ನಂದೇನು ಕೆಟ್ಟ ಮನಸಿರಲಿಲ್ಲ.’

ದಾರಿಯಲ್ಲಿ ಮರ ಬಿದ್ದು ಗಾಡಿ ಎರಡೂವರೆ ತಾಸು ನಿಂತಿತು. ಮಳೆಯ ಸದ್ದಿಗೆ ಒಳಗಿನದೇನೂ ಕೇಳಿಸಲಿಲ್ಲ. ಊರಲ್ಲಿ ಬಾಗಿಲು ತೆರೆದಾಗ ನಲವತ್ತೆರಡು ಕುರಿಗಳಲ್ಲಿ ಹತ್ತೊಂಬತ್ತು ಉಸಿರುಗಟ್ಟಿ ಸತ್ತಿದ್ದವು.

‘ಮಾವ ಒಂದ ಮಾತ ಅನ್ನಲಿಲ್ಲ. ಒಂದೊಂದ ಕುರಿ ಎತ್ತಿ ಹೊರಗ ಮಲಗಿಸಿದ್ರು, ಅಷ್ಟ. ಬೈದಿದ್ರ ಬೇಷಿತ್ರಿ.’

ಮರುದಿನವೇ ಭರಮಣ್ಣ ಗಾಡಿಯ ಕೀಲಿ ಮಾಲೀಕನಿಗೆ ಒಪ್ಪಿಸಿದರು. ಇದೇ ಅಡ್ಡೆಯಲ್ಲಿ ಹಮಾಲಿಗೆ ನಿಂತರು. ಮುಂದೆ ಹದಿಮೂರು ವರ್ಷ ಮಾಲಿನ ಗಾಡಿಯಲ್ಲಿ ಕೂತು ಒಂದು ಮೈಲಿಯೂ ಹೋಗಲಿಲ್ಲ, ಮಾವನ ಹೊಸ್ತಿಲನ್ನೂ ತುಳಿಯಲಿಲ್ಲ. ಹೇರುತ್ತಾ ಇಳಿಸುತ್ತಾ ಯಾವ ಗಾಡಿಯಲ್ಲಿ ಯಾವ ಮಾಲು ಕೆಟ್ಟು ಬರುತ್ತದೆ ಎಂಬುದನ್ನು ಕಣ್ಣಿಟ್ಟು ನೋಡಿದರು. ಮೊದಮೊದಲು ಹಮಾಲನ ಮಾತು ಕೇಳಿ ಗಾಡಿ ಮಾಡುವವರು ಯಾರೂ ಇರಲಿಲ್ಲ. ಒಡೆದ ಹೆಂಚು, ನೆನೆದ ಬೆಲ್ಲ ಕೈಗೆ ಬಂದವರು ತಾವಾಗಿಯೇ ತಿರುಗಿ ಬಂದರು.

ಈ ವರ್ಷದ ಮಾಘದಲ್ಲಿ ಖಾನಾಪುರದ ಪ್ರಮಿಳಾ ಅಡ್ಡೆಗೆ ಬಂದರು. ಅವರೂ ಓಣಿಯ ಆರು ಹೆಣ್ಣುಮಕ್ಕಳೂ ಕೂಡಿ ಜೇನು ಸಾಕುತ್ತಾರೆ. ಕಾಡಿನಲ್ಲಿ ಹೂವು ಕಡಿಮೆಯಾಗಿತ್ತು, ಬೈಲಹೊಂಗಲದ ಕಡೆ ಸೂರ್ಯಕಾಂತಿ ಅರಳಿತ್ತು. ಅರವತ್ತು ಪೆಟ್ಟಿಗೆಗಳನ್ನು ಅಲ್ಲಿಗೆ ಮುಟ್ಟಿಸಬೇಕಿತ್ತು. ಕಡಿತಕ್ಕೆ ಹೆದರಿ ಖಾನಾಪುರದಲ್ಲಿ ಒಬ್ಬ ಡ್ರೈವರೂ ಒಪ್ಪಿರಲಿಲ್ಲ. ಇಲ್ಲಿ ಒಬ್ಬ ಒಪ್ಪಿದ. ಅವನದು ತಗಡಿನ ಡಬ್ಬಾ ಗಾಡಿ; ಬಾಗಿಲು ಹಾಕಿದರೆ ಒಂದು ನೊಣವೂ ಹೊರಗೆ ಬರುವುದಿಲ್ಲ ಎಂದ. ಪ್ರಮಿಳಾ ಹೂಂ ಎನ್ನುವುದರಲ್ಲಿದ್ದರು.

ಟೈರಿನ ಮೇಲಿಂದ ಭರಮಣ್ಣ ಎದ್ದರು. ‘ತಂಗಿ, ಅದರಾಗ ಬ್ಯಾಡವಾ.’

ಗಾಡಿಯವನು ಸಿಟ್ಟಾದ. ‘ನಿನಗ್ಯಾಕ ಬೇಕೊ ಭರಮ್ಯಾ? ನಿಂದೇನು ಗಂಟ ಹೊಕ್ಕೈತಿ?’

ಹದಿಮೂರು ವರ್ಷ ಅಡ್ಡೆಯಲ್ಲಿ ಯಾರಿಗೂ ಹೇಳದ ಕುರಿಗಳ ಸಂಗತಿಯನ್ನು ಭರಮಣ್ಣ ಅಂದು ಎಲ್ಲರೆದುರು ಹೇಳಿದರು. ಗಾಡಿಯವನು ತನ್ನ ಗಾಡಿಯ ಕಡೆ ನಡೆದ. ಪ್ರಮಿಳಾ, ‘ಹಂಗಾದ್ರ ನೀವ ಹೇಳ್ರಿ ಅಣ್ಣಾರ, ಯಾವುದರಾಗ ಒಯ್ಯಲಿ?’ ಎಂದರು.

ಪೆಟ್ಟಿಗೆಯ ಎತ್ತರ ಎಷ್ಟು, ಒಂದರ ಮೇಲೊಂದು ಇಡಬಹುದೇ, ಒಳಗಿನ ಜೇನುತಟ್ಟಿ ಯಾವ ಕಡೆ ಮುಖ ಮಾಡಿರುತ್ತದೆ ಎಂದೆಲ್ಲ ಕೇಳಿ, ಕೊನೆಗೆ ಭರಮಣ್ಣ ಆರಿಸಿದ್ದು ಪಕ್ಕಕ್ಕೆ ಸಂದಿಬಿಟ್ಟು ಎತ್ತರಕ್ಕೆ ಪಟ್ಟಿ ಹೊಡೆದ, ಮೇಲೆ ತೆರೆದ 407 ಲಾರಿ. ತರಕಾರಿ ಗಾಡಿ ಅದು. ಪಕ್ಕದಿಂದ ಗಾಳಿ ಆಡುತ್ತದೆ. ಮೇಲೆ ತಾಡಪತ್ರಿಯ ಬದಲು ಒದ್ದೆ ಗೋಣಿತಟ್ಟು. ಡ್ರೈವರ್ ಮಾತ್ರ ಅಳುಕಿದ. ‘ನೀ ಬಾಜೂಕ ಕುಂತ್ರ ಬರ್ತೇನಿ’ ಎಂದ. ಭರಮಣ್ಣ ಆಗಲಿ ಎಂದರು.

ಖಾನಾಪುರದಲ್ಲಿ ಬೆಳಕು ಹರಿಯುವ ಮುಂಚೆ ಗೂಡುಗಳ ಬಾಯಿಗೆ ಜಾಲರಿ ಕಟ್ಟಿ ಹೇರಿದರು. ಬೀಡಿ ದಾಟುತ್ತಿದ್ದಂತೆ ಕಬ್ಬಿನ ಟ್ರೇಲರ್ ಒಂದು ಮಗುಚಿ ರಸ್ತೆ ಕಟ್ಟಿತ್ತು. ಬಿಸಿಲೇರಿತು. ಪೆಟ್ಟಿಗೆಗಳ ಗುಂಯ್‌ಗುಡುವಿಕೆ ಜೋರಾಯಿತು. ಆಮೇಲಿನದನ್ನು ಜೊತೆಗೆ ಬಂದಿದ್ದ ಪ್ರಮಿಳಾ ಹೇಳುತ್ತಾರೆ. ‘ಅಣ್ಣಾರು ಕೊಡ ಹಿಡಕೊಂಡು ಮ್ಯಾಲ ಹತ್ತಿದ್ರು. ಗೋಣಿತಟ್ಟಿನ ಮ್ಯಾಲ ನೀರ ಹಾಕೂದು, ಕಿವಿಗೊಟ್ಟ ಕೇಳೂದು, ಮತ್ತ ನೀರ ಹಾಕೂದು. ಹೊರಗ ಬಿದ್ದ ಹುಳದಿಂದ ನಾಕ ಸಲ ಕಡಿಸಿಕೊಂಡ್ರು. ಇಳೀರಿ ಅಂದ್ರ ಇಳೀಲಿಲ್ಲ.’

ಒಂದೂಮುಕ್ಕಾಲು ತಾಸಿನ ಮೇಲೆ ದಾರಿ ತೆರೆಯಿತು. ಸೂರ್ಯಕಾಂತಿ ಹೊಲದ ಬದುವಿನಲ್ಲಿ ಪೆಟ್ಟಿಗೆ ಇಳಿಸಿ ಜಾಲರಿ ಬಿಚ್ಚಿದರು. ಮೊದಲು ಒಂದೆರಡು ಹುಳ ಹೊರಗೆ ಬಂದು ಗೂಡಿನ ಕಡೆ ಮುಖ ಮಾಡಿ ಸುತ್ತು ಹಾಕಿದವು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಭರಮಣ್ಣ ಅರವತ್ತೂ ಪೆಟ್ಟಿಗೆಗಳ ಮುಂದೆ ಒಂದೊಂದಾಗಿ ಕುಕ್ಕರುಗಾಲಲ್ಲಿ ಕೂತು ನೋಡಿ ಬಂದರು. ಅರವತ್ತರಲ್ಲೂ ಜೀವವಿತ್ತು.

ತಿರುಗಿ ಬರುವಾಗ ಬೀಡಿಯ ಹತ್ತಿರ ಗಾಡಿ ನಿಲ್ಲಿಸಿ ಇಳಿದುಬಿಟ್ಟರು. ನೆಟ್ಟಗೆ ಮಾವನ ಮನೆಯ ದಾರಿ ಹಿಡಿದರು. ಎಪ್ಪತ್ತು ದಾಟಿದ ಸಿದರಾಯ ಕಟ್ಟೆಯ ಮೇಲೆ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದರು. ಊದಿಕೊಂಡಿದ್ದ ಅಳಿಯನ ಮುಖ ನೋಡಿ, ‘ಏನೋ ಇದು?’ ಎಂದರು. ಭರಮಣ್ಣ ನಿಂತೇ ಎಲ್ಲ ಹೇಳಿದರು.

‘ಸತ್ತವೇನೋ?’

‘ಇಲ್ಲ ಮಾವಾ. ಎಲ್ಲಾ ಪೆಟ್ಟಿಗಿ ಜೀವಂತ ಅದಾವು.’

ಮಾವ ಸೂಜಿಯನ್ನು ಕಂಬಳಿಗೆ ಸಿಕ್ಕಿಸಿ, ಒಳಗೆ ತಿರುಗಿ ಕೂಗಿದರು: ‘ಭರಮ ಬಂದಾನ. ಊಟಕ್ಕ ಒಂದ ಗಂಗಾಳ ಹೆಚ್ಚಿಗಿ ಇಡ್ರಿ.’

ಈಗ ತಿಂಗಳಿಗೊಮ್ಮೆ ಆ ಮನೆಗೆ ಹೋಗಿ ಬರುತ್ತಾರೆ. ಅಡ್ಡೆಯಲ್ಲಿ ‘ಜೇನಿನ ಭರಮಣ್ಣ’ ಎಂದು ಹೊಸ ಹೆಸರು ಬಿದ್ದಿದೆ. ಪ್ರಮಿಳಾ ಒಂದು ಬಾಟಲಿ ಜೇನುತುಪ್ಪ ಕೊಟ್ಟು ಹೋಗಿದ್ದಾರೆ. ಮಾಯಕ್ಕ ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ, ಇನ್ನೂ ಮುಚ್ಚಳ ತೆಗೆದಿಲ್ಲ.

ಮುಂದೇನು ಆಸೆ ಎಂದು ಕೇಳಿದೆ.

‘ಮಾವನ ಕಡೆ ಈಗ ಮೂವತ್ತೈದು ಕುರಿ ಅದಾವ್ರಿ. ಇನ್ನೊಂದ ತಿಂಗಳದಾಗ ಮಳಿ ಹಿಡೀತೈತಿ, ಹಿಂಡ ಊರಿಗಿ ತರಬೇಕು. ಗಾಡಿ ಮಾಡಂತ ಮಾವ ಇನ್ನಾ ನನಗ ಹೇಳಿಲ್ಲ. ಹೇಳ್ತಾರೋ ಇಲ್ಲೋ ಗೊತ್ತಿಲ್ಲ.’ ಎದ್ದು ಧೋತರಕ್ಕೆ ಹತ್ತಿದ ಧೂಳು ಕೊಡವಿಕೊಂಡರು. ‘ನಾ ಮಾತ್ರ ಗಾಡಿ ನೋಡಿ ಇಟ್ಟೇನಿ.’