ಪಕ್ಕದ ಹೊಲದ ಕುರಿಹಿಕ್ಕೆ

ಹೊಟ್ಟೆಕಿಚ್ಚು ಎಂಬುದು ನನಗೆ ತಗುಲಿದ್ದು ಅರವತ್ತು ದಾಟಿದ ಮೇಲೆ, ಅದೂ ಕುರಿಹಿಕ್ಕೆಯ ಸಲುವಾಗಿ. ಅದಕ್ಕೆ ಮೊದಲು ಆದವಾನಿಯ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದೆ. ಅಲ್ಲಿ ನನ್ನ ಕಣ್ಣೆದುರಿಗೇ ಬೇರೆಯವರಿಗೆ ಬಡ್ತಿ ಸಿಕ್ಕಿತು, ಮಹಡಿ ಮನೆಗಳು ಎದ್ದವು, ಮಕ್ಕಳಿಗೆ ದೊಡ್ಡ ದೊಡ್ಡ ಸಂಬಂಧಗಳು ಕೂಡಿ ಬಂದವು. ನಾನು ಎಲ್ಲರ ಮನೆಯಲ್ಲೂ ಉಂಡು, ಮನಸಾರೆ ಹರಸಿ, ಮೂಗಿನೊಳಗಿನ ಹತ್ತಿ ಕೊಡವಿಕೊಂಡು ಮನೆಗೆ ಬಂದೆ. ಇಷ್ಟು ನಿರ್ಮಲವಾಗಿದ್ದ ಚರಿತ್ರೆ ಕೆಟ್ಟದ್ದು ನಾವು ಪ್ರಕೃತಿಯ ಮಡಿಲಿಗೆ ಸೇರಿದ ಮೇಲೆ.

ದೇವನಕೊಂಡದ ಕಡೆ ಹೋಗುವ ದಾರಿಯಲ್ಲಿ, ಬಿತ್ತದಿದ್ದರೂ ಕಲ್ಲು ಬೆಳೆಯುವಂಥ ಕೆಂಪು ನೆಲದಲ್ಲಿ, ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಪುಟ್ಟ ಊರು ಕಟ್ಟಿಕೊಂಡಿದ್ದೇವೆ. ಗೋಡೆಗೆ ಅಲ್ಲಿಯದೇ ಮಣ್ಣು, ದೀಪಕ್ಕೆ ಬಿಸಿಲು, ಪಾಯಿಖಾನೆಗೆ ನೀರಿನ ಬದಲು ಬೂದಿ. ಬಚ್ಚಲ ನೀರು ಬಾಳೆಗೆ ಹೋಗುತ್ತದೆ. ಪ್ಲಾಸ್ಟಿಕ್ ಚೀಲ ಹಿಡಿದು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ವಿಚಾರಿಸುತ್ತೇವೆ. ಹೊಲಕ್ಕೆ ಟ್ರ್ಯಾಕ್ಟರ್ ಇಲ್ಲ, ಅಂಗಡಿ ಗೊಬ್ಬರವಂತೂ ಇಲ್ಲವೇ ಇಲ್ಲ. ಹೀಗಾಗಿ ಬೇರೆ ಊರುಗಳಲ್ಲಿ ಬಂಗಾರಕ್ಕೆ ಇರುವ ಮರ್ಯಾದೆ ನಮ್ಮಲ್ಲಿ ಸಗಣಿಗೆ ಇದೆ. ಸುತ್ತಲಿನ ಹಳ್ಳಿಯವರು ನಮ್ಮನ್ನು ಮಣ್ಣಿನ ಕಾಲನಿಯವರು ಎನ್ನುತ್ತಾರೆ. ಹಾಗೆನ್ನುವಾಗ ಸ್ವಲ್ಪ ನಗುತ್ತಾರೆ.

ಇಲ್ಲಿಗೆ ಬರುವಾಗ ನನ್ನ ಹೆಂಡತಿ ಇಟ್ಟದ್ದು ಒಂದೇ ಷರತ್ತು. "ಫ್ರಿಜ್ ಬ್ಯಾಡಂದ್ರ ಬ್ಯಾಡ, ಮಿಕ್ಸಿ ಬ್ಯಾಡಂದ್ರ ಬ್ಯಾಡ. ನನಗ ಒಂದು ತುಂಡು ಹೊಲ ಬೇಕು ನೋಡ್ರಿ." ಆಕೆ ಮದ್ದಿಕೇರದ ಒಕ್ಕಲು ಮನೆತನದ ಮಗಳು. ನನ್ನನ್ನು ಕಟ್ಟಿಕೊಂಡ ತಪ್ಪಿಗೆ ಆದವಾನಿಯ ಗಲ್ಲಿಯೊಂದರಲ್ಲಿ ಎಣ್ಣೆ ಡಬ್ಬಿಯಲ್ಲಿ ತುಳಸಿ, ಒಡೆದ ಬಕೆಟ್ಟಿನಲ್ಲಿ ಮೆಂತ್ಯ ಬೆಳೆದುಕೊಂಡು ಇಷ್ಟು ವರ್ಷ ಕಳೆದವಳು. ನಮಗೆ ಮನೆಯ ಹಿಂದೆ ಒಂದು ತುಂಡು ಸಿಕ್ಕಿತು. ಆಡಳಿತವನ್ನು ನಾನು ವಹಿಸಿಕೊಂಡೆ, ಕೆಲಸವನ್ನು ಆಕೆ.

ಆ ನೆಲ ಮೊದಲು ಬಳ್ಳಾರಿ ಜಾಲಿಯ ಕಾಡಾಗಿತ್ತು. ಮೊದಲ ವರ್ಷವೆಲ್ಲ ನಾವು ಮಾಡಿದ್ದು ಆ ಮುಳ್ಳುಗಂಟಿಗಳನ್ನು ಬೇರು ಸಮೇತ ಕೀಳುವ ಕೆಲಸ ಒಂದೇ. ಬೊಬ್ಬೆ ಎದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೇವಿನ ಮರದ ಕೆಳಗೆ ಸಭೆ ಸೇರಿ ಊರಿನ ನಿಯಮಗಳನ್ನು ಬರೆದೆವು. ಅವುಗಳಲ್ಲಿ ಒಂದನ್ನು ಸೂಚಿಸಿದವನು ನಾನೇ: "ಸತತ ಎರಡು ಮುಂಗಾರು ಬೆಳೆ ಕಾಣದ ತುಂಡನ್ನು ಪಕ್ಕದ ತುಂಡಿನವರ ಸಾಗುವಳಿಗೆ ಒಪ್ಪಿಸತಕ್ಕದ್ದು." ಆ "ತಕ್ಕದ್ದು" ಕೂಡ ನನ್ನದೇ. ಆಗ ನನ್ನ ಪಕ್ಕದ ತುಂಡು ಖಾಲಿ ಇತ್ತು.

ಮರುವರ್ಷ ಅದಕ್ಕೆ ಒಬ್ಬ ಬಂದ. ಗೂಡ್ಸ್ ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಎಲ್ಲ ಡಬ್ಬಿಗಳನ್ನೂ ಮುಂದೆ ಬಿಟ್ಟು ಕಟ್ಟಕಡೆಯ ಡಬ್ಬಿಯಲ್ಲಿ ಕುಳಿತು ಹಸಿರು ಬಾವುಟ ಬೀಸುವುದು ಆತನ ಉದ್ಯೋಗವಾಗಿತ್ತು. ಅಂಥವನಿಂದ ಯಾರಿಗೆ ಏನು ಭಯ ಎಂದು ನಾನೇ ಆತನ ಗಂಟುಮೂಟೆ ಇಳಿಸಿಕೊಟ್ಟೆ.

ಇಬ್ಬರೂ ಆ ಮುಂಗಾರಿಗೆ ನವಣೆ ಬಿತ್ತಿದೆವು. ಒಂದು ತರಬೇತಿ ಶಿಬಿರಕ್ಕೆ ಹೋಗಿ ಬಂದಿದ್ದ ನಾನು, ಅಲ್ಲಿ ಹೇಳಿಕೊಟ್ಟಂತೆ ಗುಂಡಿ ತೋಡಿ ಎಲೆಗೊಬ್ಬರ ಮಾಡಿದೆ. ಎಲೆಗಳು ಕೊಳೆಯಲು ಒಪ್ಪಲಿಲ್ಲ. ನಮ್ಮ ಒಣಹವೆಯಲ್ಲಿ ಅವು ಹಪ್ಪಳವಾದವು. ಆತ ಯಾವ ಶಿಬಿರಕ್ಕೂ ಹೋಗಲಿಲ್ಲ. ಮಾಘದ ಕಡೆಗೆ ಈ ದಾರಿಯಲ್ಲಿ ಹೋಗುವ ಕುರಿಯವನನ್ನು ಕರೆದು, ಒಂದು ವಾರ ಹೊಲದಲ್ಲಿ ಕುರಿ ತರುಬಿಸಿದ. ಎಂದರೆ, ಹಗಲೆಲ್ಲ ಮೇದು ಬಂದ ಹಿಂಡನ್ನು ಸಂಜೆ ಹೊಲದಲ್ಲಿ ಕೂಡಿಹಾಕಿ ಬೆಳಗಿನವರೆಗೆ ಅಲ್ಲೇ ಮಲಗಿಸುವುದು. ಅವು ಬಿಟ್ಟು ಹೋದದ್ದು ಹೊಲಕ್ಕೆ, ಕಾಳು ಮತ್ತು ಊಟ ಕುರಿಯವನಿಗೆ. ನಮ್ಮ ಅಜ್ಜಂದಿರೆಲ್ಲ ಮಾಡಿದ್ದು ಇದನ್ನೇ. ಆದರೆ ನನ್ನ ಹತ್ತಿರ ಶಿಬಿರದವರು ಕೊಟ್ಟ ಸರ್ಟಿಫಿಕೇಟ್ ಇತ್ತು.

ಆತನ ನವಣೆ ಸೊಂಟದವರೆಗೆ ಬಂತು. ನಮ್ಮದು ಮೊಣಕಾಲು ಮುಟ್ಟುವ ಮೊದಲೇ ಹಳದಿಯಾಗಿ ಕೈಬಿಟ್ಟಿತು. ದಿನಾ ಸಂಜೆ ಹೆಂಡತಿ ಬದುವಿನ ಮೇಲೆ ನಿಂತು ಆ ಕಡೆ ನೋಡುವಳು.

"ಅಣ್ಣಾರ ನವಣಿ ಹೆಂಗ ತೂಗ್ಯಾಡಾಕತ್ತೈತಿ ನೋಡ್ರಿ."

"ಗಾಳಿ ಬಿಟ್ಟರ ಯಾವುದಾದ್ರೂ ತೂಗ್ಯಾಡತೈತಿ," ಎಂದೆ.

"ನಮ್ಮದೂ ಅದ ಗಾಳ್ಯಾಗ ಐತಲ್ರಿ."

ಆತನಿಗೆ ಕೊಂಚ ಜಂಬವಾದರೂ ಇದ್ದಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆ. ಯಾರಾದರೂ ಹೊಗಳಿದರೆ "ನನ್ನದೇನೈತ್ರಿ, ಕುರಿ ಮಾಡಿದ ಪುಣ್ಯ" ಎನ್ನುವನು. ಸುಗ್ಗಿಯಾದ ಮೇಲೆ ಒಂದು ಮೊರ ನವಣೆಯನ್ನು ತಾನೇ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಹೆಂಡತಿ ಅದರ ಅನ್ನ ಮಾಡಿದಳು. ರುಚಿಯಾಗಿತ್ತು. ಎರಡನೆಯ ಸಲ ಹಾಕಿಸಿಕೊಂಡೆ, ಆದರೆ ಒಂದು ತುತ್ತೂ ಸಮಾಧಾನದಿಂದ ಇಳಿಯಲಿಲ್ಲ.

ಆ ವರ್ಷ ಮಾಘದಲ್ಲಿ ಕುರಿಗಳು ಮತ್ತೆ ಆತನ ಹೊಲಕ್ಕೆ ಇಳಿದವು. ನಾನು ಕರೆಯಬಹುದಿತ್ತು. ಕರೆದರೆ ಆತನನ್ನು ನೋಡಿ ಕಲಿತೆನೆಂದಾಗುತ್ತದೆ. ಸುಮ್ಮನಿದ್ದೆ. ಹೋಳಿ ಹೋಯಿತು, ಯುಗಾದಿ ಹೋಯಿತು. ಬಿಸಿಲು ಏರಿದಂತೆ ನನಗೆ ಆ ನಿಯಮ ಹಗಲೂ ರಾತ್ರಿ ನೆನಪಾಗತೊಡಗಿತು. ಒಂದು ಮುಂಗಾರು ಆಗಲೇ ಹೋಗಿದೆ. ಇನ್ನೊಂದು ಹೋದರೆ ಹೆಂಡತಿಯ ಹೊಲ ಪಕ್ಕದವನಿಗೆ ಹೋಗುತ್ತದೆ, ನನ್ನದೇ ವಾಕ್ಯದ ಬಲದಿಂದ. ಅವನು ಅದರಲ್ಲೂ ಸೊಂಟದೆತ್ತರ ಬೆಳೆದು, ಇನ್ನೊಂದು ಮೊರ ತಂದುಕೊಡುತ್ತಾನೆ. ನಾನು ಅದನ್ನೂ ಉಣ್ಣಬೇಕು.

ವೈಶಾಖದಲ್ಲಿ ಹೆಂಡತಿ ತಂಗಿಯ ಮನೆಗೆಂದು ಮದ್ದಿಕೇರಕ್ಕೆ ಹೋದಳು. ಮರುದಿನವೇ ಅದೇ ಕುರಿಯವನು ನಮ್ಮ ದಾರಿಯಲ್ಲಿ ಹಿಂಡು ಹೊಡೆದುಕೊಂಡು ಬಂದ. ನಲವತ್ತರ ಆಸುಪಾಸಿನ ಆಳು. ಎದೆಯ ಮೇಲೆ ತೂಗುಹಾಕಿದ ಮೊಬೈಲಿನಲ್ಲಿ ತೆಲುಗು ಹಾಡು. ನಾನು ಗೇಟಿಗೇ ಹೋಗಿ ನಿಂತೆ.

"ಯಾಕಪ್ಪಾ, ನಮ್ಮ ಹೊಲ ನಿನ್ನ ಕುರಿಗೆ ಹಿಡಸಲಿಲ್ಲೇನು?"

"ನೀವು ಕರದ್ರ ಅಲ್ಲೇನ್ರಿ ಸಾರೂ. ಕರೀದ ನುಗ್ಗಿದ್ರ ಸ್ಟೇಷನ್ನಿಗೆ ಎಳೀತೀರಿ."

"ಈಗ ಕರದೆ ಅಂತ ತಿಳಕೋ."

"ಈಗಾ?" ಆತ ಹಾಡು ನಿಲ್ಲಿಸಿದ. "ಈಗ ಎಲ್ಲಿ ಮೇವು ಐತ್ರಿ? ಬರೇ ಜಾಲಿಕಾಯಿ ತಿಂತಾವು. ತಿಂದದ್ದ ಹಿಂದಿಂದ ಬರ್ತೈತಿ. ನಾಳೆ ನನ್ನ ಬೈಬ್ಯಾಡ್ರಿ ಮತ್ತ."

ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಬೇಸಿಗೆಯಲ್ಲಿ ಕುರಿ ತಿನ್ನುವ ಜಾಲಿಯ ಬೀಜ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು ಮಳೆಗೆ ಮೊಳೆಯುತ್ತದೆ ಎನ್ನುವುದು ನಮ್ಮ ಸೀಮೆಯಲ್ಲಿ ಅಂಬೆಗಾಲಿಡುವ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅದಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಪಕ್ಕದ ಹೊಲ ಕಪ್ಪಗಿದೆ, ನನ್ನದು ಕೆಂಪಗಿದೆ ಎನ್ನುವುದು.

"ಅವರಲ್ಲಿ ಎಷ್ಟು ದಿನ ತರುಬಿದ್ದಿ?"

"ಒಂದ ವಾರ."

"ನಮ್ಮಲ್ಲಿ ಅದಕ್ಕಿಂತ ಒಂದು ದಿನ ಹೆಚ್ಚಿಗೆ ಇರಲಿ."

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇಬ್ಬರದೂ ಪಂದ್ಯ ಏನರ ಐತೇನ್ರಿ?"

"ಭೂಮಿತಾಯಿ ಸೇವಾ," ಎಂದೆ.

"ಸರ್ಲೆ, ಸೇವಾ ಮಾಡೂಣು. ಊಟದ್ದು ಹೇಳ್ರಿ. ಆ ಮನ್ಯಾಗ ಅಕ್ಕಾರು ಮಂಡಕ್ಕಿ ಉಗ್ಗಾಣಿ ಜೋಡಿ ಮಿರ್ಚಿ ಬಜ್ಜಿ ಕೊಟ್ಟಿದ್ರು. ಬಿಸೀವು."

ನನಗೆ ಅನ್ನ ಬಸಿಯಲು ಬರುತ್ತದೆ, ಬಜ್ಜಿ ಬರುವುದಿಲ್ಲ. ಹೀಗಾಗಿ ಹೊಗೆಯಿಲ್ಲದ ಬಾಳನ್ನು ಬಾಳುತ್ತೇನೆಂದು ಸಹಿ ಹಾಕಿದ್ದ ನಾನು, ಆ ದಿನಗಳಲ್ಲಿ ಸಂಜೆ ಸಂಜೆ ಡೀಸೆಲ್ ಆಟೋ ಹತ್ತಿ ಆದವಾನಿಗೆ ಹೋಗಿ, ಪ್ಲಾಸ್ಟಿಕ್ ನಿಷಿದ್ಧವಾದ್ದರಿಂದ ಸ್ಟೀಲಿನ ಡಬ್ಬಿಯಲ್ಲಿ ಬಜ್ಜಿ ತಂದೆ. ಬರುವಷ್ಟರಲ್ಲಿ ಅವು ಆರಿ ಮೆತ್ತಗಾಗಿರುತ್ತಿದ್ದವು. ಕುರಿಯವನು ಒಂದೊಂದನ್ನೇ ಎತ್ತಿ ಹಿಡಿದು ನೋಡಿ, "ಆ ಮನೀವು ಗರಿಗರಿ ಇದ್ವು ಬಿಡ್ರಿ" ಎಂದು ನಿಟ್ಟುಸಿರಿಟ್ಟು ಎಲ್ಲವನ್ನೂ ತಿನ್ನುತ್ತಿದ್ದ.

ಹೆಂಡತಿ ಮರಳಿ ಬಂದಾಗ ಹೊಲ ಕಪ್ಪಗೆ ಹೊಳೆಯುತ್ತಿತ್ತು. ಬ್ಯಾಗು ಕೆಳಗಿಡದೆ ನಿಂತು ನೋಡಿದಳು. ಆಕೆಯ ಮುಖ ಅರಳಿದ್ದನ್ನು ಕಂಡು ನನಗೆ ಬಜ್ಜಿಯ ಶ್ರಮವೆಲ್ಲ ಸಾರ್ಥಕವೆನಿಸಿತು. ಮಳೆ ಬಿತ್ತು. ಎತ್ತು ಕಟ್ಟಿ ಹರಗಿ ನವಣೆ ಬಿತ್ತಿದೆವು. ಕೆಲವೇ ದಿನಗಳಲ್ಲಿ ನೆಲ ಕಾಣದಂತೆ ಹಸಿರು ಎದ್ದಿತು. ನಾನು ಕೈ ಹಿಂದೆ ಕಟ್ಟಿಕೊಂಡು ಬದುವಿನ ಮೇಲೆ ಓಡಾಡಿದೆ. ಪಕ್ಕದವನು ಹೊರಗೆ ಬಂದಾಗಲೆಲ್ಲ ಇನ್ನೂ ನಿಧಾನ ಓಡಾಡಿದೆ.

ಹೆಂಡತಿ ಕುಕ್ಕರಗಾಲಲ್ಲಿ ಕುಳಿತು ಒಂದು ಸಸಿಯನ್ನು ಚಿವುಟಿ ಅಂಗೈಯಲ್ಲಿಟ್ಟುಕೊಂಡಳು.

"ಏನು ತಿಂದು ಬಂದಿದ್ವುರಿ ಆ ಕುರಿ?"

"ಮೇವು."

"ಯಾವ ಮೇವು?"

"ಸಿಕ್ಕ ಮೇವು."

ಆಕೆ ಆ ಸಸಿಯನ್ನು ನನ್ನ ಕೈಗೆ ಕೊಟ್ಟಳು. ನವಣೆ ಹುಲ್ಲಿನ ಜಾತಿ. ಇದಕ್ಕೆ ದುಂಡನೆಯ ಎರಡು ಎಲೆ, ನಡುವೆ ಗರಿಯಂಥ ಚಿಗುರು. ಹೊಲದ ತುಂಬ ಜಾಲಿ ಎದ್ದಿತ್ತು. ನವಣೆ ಅದರ ಸಂದಿಗಳಲ್ಲಿ ಉಸಿರು ಹಿಡಿದುಕೊಂಡು ನಿಂತಿತ್ತು.

ಆಕೆ ದನಿ ಎತ್ತಲಿಲ್ಲ. "ನಮ್ಮಪ್ಪನ ಹೊಲ ನಮ್ಮ ಅಣ್ಣತಮ್ಮಂದಿರಿಗೆ ಹೋತು. ಅದು ರೂಢಿ, ಸುಮ್ನಿದ್ದೆ. ಇದು ನಿಮ್ಮ ಪಂದ್ಯಕ್ಕ ಹೋಕ್ಕೈತಿ ಈಗ." ಇಷ್ಟು ಹೇಳಿ ಒಳಗೆ ಹೋದಳು. ನಾನು ಆ ಎರಡೆಲೆಯ ಸಸಿ ಹಿಡಿದುಕೊಂಡು ಬಹಳ ಹೊತ್ತು ಅಲ್ಲೇ ಇದ್ದೆ. ಆ ಬಗ್ಗೆ ತಮಾಷೆ ಮಾಡಲು ನನಗೆ ಈಗಲೂ ಬರುವುದಿಲ್ಲ.

ಅಮಾವಾಸ್ಯೆಯ ಸಭೆಯಲ್ಲಿ ವಿಷಯ ಬಂತು. ನಿಯಮವನ್ನು ಯಾರು ಓದಬೇಕೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದಾಗ, ಕರ್ತೃವಾದ ನಾನೇ ಎದ್ದು ನಿಂತು ಬಾಯಿಪಾಠ ಒಪ್ಪಿಸಿದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ಹಿರಿಯಾಕೆ ತನ್ನೆರಡೂ ಅಂಗೈ ಚಾಚಿ ತೋರಿಸಿದಳು.

"ಸಾರೂ, ಈ ಜಾಲಿ ಕಿತ್ತು ಕಿತ್ತು ನನ್ನ ಕೈ ಹಿಂಗಾಗ್ಯಾವು. ನೀವು ಅದನ್ನ ಗೊಬ್ಬರ ಹಾಕಿ ಬಿತ್ತೀರಲ್ರಿ."

ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ನಕ್ಕವರಲ್ಲಿ ಪಕ್ಕದವನೂ ಇರಲಿಲ್ಲ. ಆತ ಗಂಟಲು ಸರಿಮಾಡಿಕೊಂಡು ಹೇಳಿದ: "ಬೆಳಿ ಬಂದಿಲ್ಲ ಅಂತ ಯಾರಂದ್ರು? ಕೆಳಗ ನವಣಿ ಐತಿ, ನಾ ನೋಡೀನಿ. ಎಳೇದಿದ್ದಾಗ ಕಿತ್ತರ ಜಾಲಿ ಸುಮ್ನ ಬರ್ತೈತಿ. ನಾಳೆ ಮುಂಜಾನಿ ಎಲ್ಲಾರೂ ಬಂದಬಿಡ್ರಿ. ನಿಯಮ ಸುಗ್ಗಿ ಆದಮ್ಯಾಲ ನೋಡೂಣು."

ಸಭೆ ಒಪ್ಪಿತು. ಆ ಕ್ಷಣದಲ್ಲಿ ನಾನು ಆತನನ್ನು ದ್ವೇಷಿಸಿದಷ್ಟು ಮೊದಲು ಎಂದೂ ದ್ವೇಷಿಸಿರಲಿಲ್ಲ. ಕೈ ಮುಗಿದು "ಉಪಕಾರ ಆತು" ಎಂದೆ.

ಮರುದಿನ ಎಲ್ಲರೂ ಕುರ್ಪಿ ಹಿಡಿದು ಬಂದರು. ಆತ ಬೇಕೆಂದೇ ನನ್ನ ಪಕ್ಕದ ಸಾಲು ಹಿಡಿದ. ಆತನ ಕೈ ನನ್ನದಕ್ಕಿಂತ ಚುರುಕು. ನಾನು ಸರಿಗಟ್ಟಲು ನೋಡಿದೆ, ಮೊಣಕಾಲು ಒಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಆತ ನನ್ನ ಸಮಕ್ಕೇ ಬರುತ್ತಿದ್ದಾನೆ ಎನ್ನಿಸಿತು. ಓರೆಗಣ್ಣಲ್ಲಿ ನೋಡಿದೆ. ನನಗಾಗಿ ನಿಧಾನ ಮಾಡುತ್ತಿದ್ದ. ಹೆಂಡತಿ ಮಜ್ಜಿಗೆ ತಂದವಳು ಮೊದಲ ಲೋಟವನ್ನು ಆತನಿಗೆ ಕೊಟ್ಟಳು. ಅದು ನ್ಯಾಯವೇ. ನಾನು ನನ್ನ ಸರದಿ ಬರುವವರೆಗೆ ಒಂದು ಜಾಲಿಯ ಸಸಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಜೋರಾಗಿ ಎಳೆದೆ.

ಜಾಲಿ ಹೋಯಿತು, ಹಿಕ್ಕೆ ಉಳಿಯಿತು. ಮಳೆಯೂ ಆ ವರ್ಷ ಬೇಕಾದಾಗ ಬಂದು ಬೇಡವಾದಾಗ ನಿಂತಿತು. ಉಸಿರು ಹಿಡಿದಿದ್ದ ನವಣೆ ಒಮ್ಮೆಗೇ ಎದ್ದು ನಿಂತಿತು. ಮಹಾಲಯದ ಹೊತ್ತಿಗೆ ತೆನೆಗಳು ಭಾರಕ್ಕೆ ಬಾಗಿದ್ದವು. ಸಭೆಯವರು ಬಂದು ನೋಡಿ, ತುಂಡು ನಮ್ಮಲ್ಲೇ ಉಳಿಯತಕ್ಕದ್ದು ಎಂದರು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹೊಲಕ್ಕಿಳಿದು, ತೆನೆಗಳ ಮೇಲೆ ಕೈಯಾಡಿಸುತ್ತ ಆ ತುದಿಯವರೆಗೆ ನಡೆದು ಹೋದಳು.

ಎಲ್ಲರೂ ಹೋದ ಮೇಲೂ ಪಕ್ಕದವನು ಬದುವಿನ ಮೇಲೆ ಉಳಿದ.

"ಏನು ಹಾಕಿದ್ರಿ ಅಣ್ಣಾರೆ ನೀವು?"

"ನಿಮಗ ಗೊತ್ತೈತಲ್ಲ. ಕುರಿ."

"ನಾನೂ ಕುರೀನ ತರುಬಿಸಿದ್ದು." ನಮ್ಮ ಒಂದು ತೆನೆಯನ್ನು ಬೆರಳುಗಳ ನಡುವೆ ಒತ್ತಿ ನೋಡಿದ. ಆಮೇಲೆ ತಿರುಗಿ ತನ್ನ ಹೊಲದ ಕಡೆ ನೋಡಿದ. ಮತ್ತೆ ನಮ್ಮದನ್ನು. "ಒಂದು ದಿನ ಹೆಚ್ಚಿಗೆ ಕುಂತಿದ್ವಂತಲ್ಲ."

"ಹೌದು."

"ಅದಕ್ಕ ಇರಬೇಕು. ಇಲ್ಲಾಂದ್ರ ಅಕ್ಕಾರ ಕೈಗುಣ." ನನ್ನ ಹೆಸರು ಅದರಲ್ಲಿ ಎಲ್ಲೂ ಬರಲಿಲ್ಲ.

ಆತನ ಹೆಂಡತಿ ಹಿತ್ತಲ ಬಾಗಿಲಿಂದ ಕೂಗಿದಳು. "ಏನ್ರೀ, ಎಷ್ಟೊತ್ತು ನೋಡ್ತೀರಿ? ರೊಟ್ಟಿ ಆರತಾವು."

"ಬಂದೆ," ಎಂದ. ಹೋಗಲಿಲ್ಲ.

ಆ ನಿಲುವು ನನಗೆ ಚೆನ್ನಾಗಿ ಗೊತ್ತು. ಎರಡು ಕೈ ಸೊಂಟದ ಮೇಲೆ, ಕತ್ತು ಸ್ವಲ್ಪ ಪಕ್ಕಕ್ಕೆ, ಗಾಳಿ ಬೀಸಿದಾಗ ತುಟಿ ಬಿಗಿ. ಎರಡು ವರ್ಷಗಳಲ್ಲಿ ಮೊದಲ ಸಲ ಆತ ನನಗೆ ತುಂಬ ಬೇಕಾದವನಂತೆ ಕಂಡ. ಮನಸಾರೆ ಕರೆದೆ:

"ಬರ್ರಿ, ಇವತ್ತು ನಮ್ಮಲ್ಲೇ ಊಟ ಮಾಡ್ರಿ."

"ಹಸಿವಿಲ್ಲ ಅಣ್ಣಾರೆ," ಎಂದ, ನಮ್ಮ ತೆನೆಗಳಿಂದ ಕಣ್ಣು ಕೀಳದೆ.